ಕೊನೇ ಮನೆಗೆ ನೀರು ಬರೋ ಹೊತ್ತು

ಅವರೆಕಾಯಿಗೆ ಸೊಗಡು ಹತ್ತಿದ ಮಾಗಿಯ ಕಾಲ. ಬೆಳಿಗ್ಗೆ ಐದು ಗಂಟೆ. ಅಶೋಕಪುರಂನ ಇಳಿಜಾರು ಬೀದಿಯೊಂದರ ಕೊನೇ ಮನೆಯಲ್ಲಿ ಕಾಳಯ್ಯ ಎಂದಿನಂತೆ ಎದ್ದು ಕೂತಿದ್ದ. ನೀರು ಬಿಡುವ ಕೆಲಸದಿಂದ ನಿವೃತ್ತನಾಗಿ ಹನ್ನೊಂದು ವರ್ಷವಾಗಿದ್ದರೂ ಐದಕ್ಕೆ ಅವನ ಕಣ್ಣು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಮೂವತ್ನಾಲ್ಕು ವರ್ಷ ಅದೇ ಹೊತ್ತಿಗೆ ಬೀದಿಯ ಮೇಲ್ತುದಿಯ ಗುಂಡಿಯೊಳಕ್ಕೆ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ನೀರಿನ ಪೈಪಿನ ವಾಲ್ ತಿರುಗಿಸಿದವನು ಅವನು. ಬೀದಿಯವರು ಇವತ್ತಿಗೂ ಅವನನ್ನು ವಾಲ್ ಕಾಳಯ್ಯ ಅಂತಲೇ ಕರೆಯುತ್ತಾರೆ.

ಒಳಗಿನಿಂದ ಬೀರಮ್ಮ ನರಳಿದ್ದು ಕೇಳಿಸಿತು. ಹೋಗಿ ನೋಡಿದರೆ ಬಲಪಕ್ಕೆ ಹಿಡಿದುಕೊಂಡು ಮುದುಡಿ ಮಲಗಿದ್ದಾಳೆ, ಹಣೆಯ ತುಂಬ ಬೆವರು.

"ರಾತ್ರಿ ಹಿತಕಿದ ಬೇಳೆ ಸಾರು ಎರಡನೇ ಸಲ ಬಡಿಸ್ಕೋಬೇಡ ಅಂದೆ," ಅಂದ ಕಾಳಯ್ಯ.

"ಸಾಯೋ ಹೊತ್ನಲ್ಲೂ ಸಾರಿನ ಲೆಕ್ಕ ಕೇಳ್ತೀರಲ್ಲ," ಅಂದಳು ಬೀರಮ್ಮ, ಹಲ್ಲು ಕಚ್ಚಿಕೊಂಡೇ. "ಸೌಮ್ಯಂಗೆ ಫೋನ್ ಮಾಡಿ."

ಮಗಳು ಸೌಮ್ಯಶ್ರೀ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಮನೆ ಅಲ್ಲೇ ಹತ್ತಿರ. ಅರ್ಧ ಗಂಟೆಯಲ್ಲಿ ಆಟೋ ಹತ್ತಿ ಬಂದಳು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಪಿತ್ತಕೋಶದ ತುಂಬ ಕಲ್ಲಿವೆ, ಇದು ಮೂರನೇ ಸಲದ ನೋವು, ಇನ್ನು ತಡ ಮಾಡಬೇಡಿ, ತೆಗೆದುಬಿಡೋಣ ಅಂದರು. ಶನಿವಾರ ಸೇರಿಸಿಕೊಂಡು, ಮಂಗಳವಾರಕ್ಕೆ ಆಪರೇಷನ್ ಗೊತ್ತು ಮಾಡಿದರು.

"ಪೂರ್ತಿ ಮತ್ತು ಬರಿಸೋ ಔಷಧಿ ಕೊಟ್ಟು ಮಾಡೋದಾ?" ಅಂತ ಕಾಳಯ್ಯ ಕೇಳಿದ್ದು ಅದೊಂದೇ ಮಾತು.

"ಪೂರ್ತಿನೇ ಕಣಪ್ಪ, ಇನ್ನೇನ್ ಅರ್ಧ ಕೊಡ್ತಾರಾ?" ಅಂದಳು ಸೌಮ್ಯ.

ಕಾಳಯ್ಯನಿಗೆ ಹೆದರಿಕೆ ಕಲ್ಲಿನದಲ್ಲ, ಕತ್ತರಿಯದೂ ಅಲ್ಲ. ಮತ್ತಿನದು.

ಅದಕ್ಕೆ ಕಾರಣವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಸೌಮ್ಯ ಅಜ್ಜಿಯ ಊರಿನಲ್ಲಿದ್ದಾಗ, ಬೀರಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಆ ಸಣ್ಣ ನರ್ಸಿಂಗ್ ಹೋಮ್ ಮುಚ್ಚಿ ಯಾವ ಕಾಲವಾಯಿತೋ. ಅವತ್ತು ಬೆಳಿಗ್ಗೆ ಒಳಗೆ ಹೋದವಳು ಕಣ್ಣು ಬಿಟ್ಟಿದ್ದು ಮಾರನೇ ದಿನ ಮಧ್ಯಾಹ್ನ. ನಡುವೆ ಒಬ್ಬ ಮುದಿ ಡಾಕ್ಟರು ಹೊರಗೆ ಬಂದು, ಕಾಳಯ್ಯನ ಭುಜದ ಮೇಲೆ ಕೈಯಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು: "ಬೇಗ ಮಲಗಲಿಲ್ಲ ಅಂತ ಇನ್ನೊಂದಿಷ್ಟು ಔಷಧಿ ಕೊಟ್ಟೆವಪ್ಪ. ಮೊದಲು ಕೊಟ್ಟದ್ದೂ ಆಮೇಲೆ ಕೊಟ್ಟದ್ದೂ ಒಟ್ಟಿಗೆ ಏರಿಬಿಟ್ಟಿತು. ಬಿಪಿ ಪಾತಾಳಕ್ಕೆ ಹೋಯಿತು. ಕಾದು ನೋಡೋಣ."

ಕಾದು ನೋಡಿದ. ಅವಳು ಎದ್ದಳು. ಎದ್ದವಳಿಗೆ, "ಚೆನ್ನಾಗಿ ನಿದ್ದೆ ಮಾಡ್ದೆ ಕಣೆ," ಅಂದನೇ ಹೊರತು ಇನ್ನೊಂದು ಮಾತು ಹೇಳಲಿಲ್ಲ. ಹೇಳಿದರೆ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಅವಳು ಅಂತ ಗೊತ್ತಿತ್ತು. ಮಗಳಿಗೂ ಹೇಳಲಿಲ್ಲ. ಆ ಕಾಲದ ಚೀಟಿ ಒಂದೂ ಮನೆಯಲ್ಲಿ ಉಳಿದಿರಲಿಲ್ಲ. ಆ ವಿಷಯ ಈಗ ಇದ್ದದ್ದು ಒಂದೇ ಜಾಗದಲ್ಲಿ, ಕಾಳಯ್ಯನ ತಲೆಯಲ್ಲಿ.

ಸೋಮವಾರ ಸಂಜೆ ಮತ್ತು ಕೊಡುವ ಡಾಕ್ಟರ ಹತ್ತಿರ ತಪಾಸಣೆ. ಡಾಕ್ಟರ್ ಅಕ್ಷತಾ ಅಂತ, ಮೂವತ್ತು ದಾಟಿರಬಹುದು, ತೆಳ್ಳನೆಯ ಹೆಣ್ಣುಮಗಳು. ಮುಂದೆ ಕಂಪ್ಯೂಟರ್. ಸೌಮ್ಯ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಹೊರಗೆ ಹೋಗಿದ್ದಳು. ಬೀರಮ್ಮ ಕುರ್ಚಿಯಲ್ಲಿ, ಕಾಳಯ್ಯ ಅವಳ ಹಿಂದೆ ನಿಂತು.

"ಅಜ್ಜಿ, ಸಕ್ಕರೆ ಕಾಯಿಲೆ ಇದ್ಯಾ?"

"ಇಲ್ಲ ಕಣವ್ವ. ಸಕ್ಕರೆ ತಿನ್ನಕ್ಕೂ ಇಲ್ಲ."

"ಮುಂಚೆ ಆಪರೇಷನ್ ಏನಾದ್ರೂ ಆಗಿತ್ತಾ? ಮತ್ತು ಕೊಟ್ಟಾಗ ತೊಂದರೆ ಆಗಿತ್ತಾ?"

"ಒಂದಾಗಿತ್ತು. ತೊಂದ್ರೆ ಏನಿಲ್ಲ, ಚೆನ್ನಾಗಿ ನಿದ್ದೆ ಮಾಡ್ದೆ ಅಂದ್ರು ನಮ್ಮನೇರು."

ಈಗ ನಿಜ ಹೇಳಬೇಕಾದವನು ಕಾಳಯ್ಯ. ಅವಳ ಎದುರಿಗೆ ಹೇಗೆ ಹೇಳುವುದು? ಬಾಯಿ ತೆರೆದ, ಮುಚ್ಚಿದ. ಡಾಕ್ಟರಮ್ಮ ಕಂಪ್ಯೂಟರಿನಿಂದ ತಲೆಯೆತ್ತದೆ ಮುಂದಿನದು ಕೇಳಿದರು: "ವಾಲ್ವ್ ಪ್ರಾಬ್ಲಮ್ ಏನಾದ್ರೂ ಇತ್ತಾ ತಾತ?"

ತಾತ ಅಂದದ್ದರಿಂದ ತನ್ನನ್ನೇ ಕೇಳಿದ್ದು ಅಂದುಕೊಂಡ ಕಾಳಯ್ಯ. ತನ್ನ ಕೆಲಸ ಇವರಿಗೆ ಯಾರು ಹೇಳಿದರೋ ಅಂತ ಆಶ್ಚರ್ಯವೂ ಆಯಿತು.

"ಒಂದೇ ಒಂದ್ ಸಲ ಮೇಡಂ. ತೊಂಬತ್ತೆಂಟರ ಬೇಸಿಗೇಲಿ. ಆಮೇಲಿಂದ ಏನೂ ಇಲ್ಲ."

"ಏನ್ ಮಾಡಿದ್ರು ಆಗ?"

"ಮೂರು ದಿನ ಹಿಡೀತು. ಹಳೇದ್ ತೆಗ್ದು ಹೊಸಾ ವಾಲ್ ಹಾಕುದ್ರು."

ಡಾಕ್ಟರಮ್ಮನ ಬೆರಳು ನಿಂತಿತು. "ವಾಲ್ವೇ ಬದಲಾಯಿಸಿದ್ರಾ! ಯಾಕೆ ಇಷ್ಟು ಹೊತ್ತು ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ," ಅಂದ ಕಾಳಯ್ಯ.

"ಊಂ ಕಣವ್ವ," ಅಂತ ಬೀರಮ್ಮನೂ ದನಿ ಸೇರಿಸಿದಳು, "ಹಳೇದು ಪೂರ್ತಾ ತುಕ್ಕು ಹಿಡ್ದೋಗಿತ್ತು."

ಡಾಕ್ಟರಮ್ಮ ಎದ್ದು ಬಂದು ಬೀರಮ್ಮನ ಎದೆಗೆ ಸ್ಟೆತಸ್ಕೋಪು ಇಟ್ಟರು. ಹೊಲಿಗೆಯ ಗುರುತಿಲ್ಲ. ಹಣೆ ಗಂಟಾಯಿತು. ಅಷ್ಟರಲ್ಲಿ ಫೋನು ಬಂತು, ಯಾರಿಗೋ ಉಸಿರಾಟ ಸರಿಯಿಲ್ಲವಂತೆ. "ಯಾವುದಕ್ಕೂ ನಾಳೆ ಎಕೋ ಮಾಡಿಸಿ. ಅದನ್ನ ನೋಡದೆ ನಾನು ಕೈ ಹಾಕಲ್ಲ. ಮಂಗಳವಾರ ಬೇಡ," ಅಂತ ಬರೆದುಕೊಟ್ಟು ಓಡಿದರು.

ಜೆರಾಕ್ಸ್ ಹಿಡಿದು ಬಂದ ಸೌಮ್ಯ ಚೀಟಿ ನೋಡಿ, ನರ್ಸನ್ನು ಕೇಳಿ, ಸಂಗತಿ ತಿಳಿದು ತಲೆ ಚಚ್ಚಿಕೊಂಡಳು.

"ಅಪ್ಪ! ಅವ್ರು ಕೇಳಿದ್ದು ಅವ್ವನ ಎದೆ ವಾಲ್ವು! ನೀನು ಬೀದಿ ವಾಲ್ ಹೇಳ್ಬುಟ್ಟಿದ್ದೀಯಲ್ಲಪ್ಪ!"

"ಎದೆಯೊಳಗೂ ವಾಲ್ ಇರ್ತದಾ?"

"ಒಂದಲ್ಲ, ನಾಲ್ಕು! ಎರಡು ದಿನ ರಜಾ ಹಾಕ್ಬಂದಿದ್ದೀನಿ. ಈಗ ಗುರುವಾರ ಅಂತೆ. ನಮ್ ಸೂಪರ್‌ವೈಸರ್ ಮುಂದೆ ಹೋಗಿ ನಮ್ಮಪ್ಪ ನೀರಿನ ವಾಲ್ ಕಥೆ ಹೇಳ್ದ ಅಂತ ಹೇಳ್ಲಾ?"

ಬೀರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಪಕ್ಕೆ ನೋಯುತ್ತಿತ್ತು, ನೋವಿಗೆ ಮತ್ತೆ ನಗು. "ಬುಡು ಕಣೇ, ಪಾಪ. ಮೂವತ್ತು ವರ್ಷ ನನ್ನನ್ನೂ ಆ ವಾಲನ್ನೂ ಒಂದೇ ಸಮ ಸಾಕ್ದೋರು. ಯಾವುದು ಯಾವುದು ಅಂತ ಮರ್ತೋಗಿರ್ತದೆ."

ಮಂಗಳವಾರ ಎಕೋ, ಅಂದರೆ ಗುಂಡಿಗೆಯ ಸ್ಕ್ಯಾನ್, ಆಯಿತು. ಸಂಜೆ ರಿಪೋರ್ಟು ತೋರಿಸಲು ಕಾಳಯ್ಯ ಒಬ್ಬನೇ ಹೋದ. ತಪ್ಪು ಮಾಡಿದವನು ತಾನು, ಬೈಸಿಕೊಳ್ಳುವವನೂ ತಾನೇ ಆಗಲಿ ಅಂತ. ಡಾಕ್ಟರಮ್ಮ ರಿಪೋರ್ಟು ಓದಿದರು. ಕಾಳಯ್ಯ ತೊದಲುತ್ತಾ ಬೀದಿಯ ವಾಲಿನ ಸಂಗತಿ ಒಪ್ಪಿಕೊಂಡ. ಅವರು ಬೈಯಲಿಲ್ಲ. ಮುಖಕ್ಕೆ ರಿಪೋರ್ಟು ಅಡ್ಡ ಹಿಡಿದು ನಕ್ಕರು.

"ಅಜ್ಜಿದು ನಾಲ್ಕು ವಾಲ್ವೂ ಗಟ್ಟಿಯಾಗಿವೆ ತಾತ. ಆದ್ರೆ ಪಂಪು ಸ್ವಲ್ಪ ಸುಸ್ತಾಗಿದೆ. ಗುಂಡಿಗೆ ಒತ್ತೋ ಶಕ್ತಿ ಇರಬೇಕಾದ್ದಕ್ಕಿಂತ ಕಮ್ಮಿ. ನೀವು ತಪ್ಪು ಹೇಳದೇ ಇದ್ದಿದ್ರೆ ನಾವಿದನ್ನ ನೋಡ್ತಾನೇ ಇರ್ಲಿಲ್ಲವೋ ಏನೋ. ಕೂತ್ಕೊಳ್ಳಿ. ಏನಾಯ್ತು ಆ ವಾಲಿಗೆ, ತೊಂಬತ್ತೆಂಟರಲ್ಲಿ?"

ಇದುವರೆಗೆ ಯಾರೂ ಕಾಳಯ್ಯನನ್ನು ಕೂರಿಸಿಕೊಂಡು ಇದನ್ನು ಕೇಳಿರಲಿಲ್ಲ. ಕೂತ.

"ನಮ್ ಬೀದಿ ಇಳಿಜಾರು ಮೇಡಂ. ವಾಲ್ ಮೇಲಿದೆ, ಹದಿನಾಲ್ಕು ಮನೆ ದಾಟಿ ಕೊನೇದು ನಮ್ದು. ವಾಲ್ ಅರ್ಧ ಸುತ್ತು ಬುಟ್ಟು, ಕೀಲಿಗೆ ಕಿವಿ ಕೊಟ್ಟು ಕೇಳ್ಬೇಕು. ಪೈಪೊಳಗೆ ಗಾಳಿ ಹೋಗೋ ಸದ್ದು ನಿಂತು, ನೀರು ತುಂಬೋ ಸದ್ದು ಬಂದ್ಮೇಲೆ ಇನ್ನರ್ಧ ಸುತ್ತು. ಕೊನೇ ಮನೆಗೆ ನೀರು ಮುಟ್ಟಕ್ಕೆ ಹೊತ್ತಾಯ್ತದೆ. ಅವತ್ತು ಎರಡು ದಿನದಿಂದ ನೀರಿರ್ಲಿಲ್ಲ. ಕೆಳಗಿನ ಮನೇರೆಲ್ಲ ಬಿಂದಿಗೆ ಹಿಡ್ದು 'ನೀರು ಬರ್ಲಿಲ್ಲ, ಇನ್ನೂ ಬುಡು, ಇನ್ನೂ ಬುಡು' ಅಂತ ಕೂಗುದ್ರು. ನಾನು ಕೂಗಿಗೆ ಕಿವಿ ಕೊಟ್ಟೆ, ಕೀಲಿಗೆ ಕೊಡ್ಲಿಲ್ಲ. ಎರಡು ಸುತ್ತು ಒಟ್ಟಿಗೆ ತಿರುಗಿಸ್ಬುಟ್ಟೆ. ಮೊದಲು ಬುಟ್ಟ ನೀರು ದಾರೀಲೇ ಇತ್ತು ಮೇಡಂ. ಅದೂ ಇದೂ ಸೇರ್ಕೊಂಡು ಮೂಗಯ್ಯನ ಮನೆ ಮುಂದೆ ಪೈಪು ಒಡೀತು. ಅವನ ಜಗಲಿನೇ ಎದ್ದೋಯ್ತು. ವಾಲೂ ಕಿತ್ಕೊಂಡ್ಬಂತು."

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟಿದ್ದರು.

ಈಗ ಹೇಳದಿದ್ದರೆ ಇನ್ನಿಲ್ಲ ಅನ್ನಿಸಿತು ಕಾಳಯ್ಯನಿಗೆ. "ಇವಳಿಗೂ ಅಂಗೇ ಆಗಿತ್ತು ಮೇಡಂ," ಅಂದ. ಇಪ್ಪತ್ತೆರಡು ವರ್ಷ ಒಳಗೆ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು: ಬೇಗ ಮಲಗಲಿಲ್ಲ ಅಂತ ಇನ್ನೊಂದಿಷ್ಟು ಕೊಟ್ಟದ್ದು, ಎರಡೂ ಒಟ್ಟಿಗೆ ಏರಿದ್ದು, ಬಿಪಿ ಇಳಿದದ್ದು, ಮಾರನೇ ದಿನ ಮಧ್ಯಾಹ್ನದವರೆಗೆ ಅವಳು ಕಣ್ಣು ಬಿಡದೇ ಇದ್ದದ್ದು. "ಅವಳಿಗೆ ಇದು ಗೊತ್ತಿಲ್ಲ. ಚೀಟಿ ಇಲ್ಲ. ನನ್ ಮಾತು ನಂಬ್ತೀರೋ ಬುಡ್ತೀರೋ."

"ಚೀಟಿ ಇದ್ದಿದ್ರೂ ಇಷ್ಟು ಸರಿಯಾಗಿ ಇರ್ತಿರ್ಲಿಲ್ಲ," ಅಂದರು ಡಾಕ್ಟರಮ್ಮ. ಆಮೇಲೆ ತಮ್ಮ ಮುಂಗೈಯ ನೀಲಿ ನರ ತೋರಿಸಿ, ಬೆರಳನ್ನು ಮೊಣಕೈ, ಭುಜ, ಎದೆ, ಕುತ್ತಿಗೆ ದಾಟಿಸಿ ತಲೆಯವರೆಗೆ ಎಳೆದರು. "ಔಷಧಿಗೂ ಇದೇ ಬೀದಿ ತಾತ. ವಾಲ್ ಇಲ್ಲಿ, ಕೊನೇ ಮನೆ ತಲೇಲಿ. ವಯಸ್ಸಾದೋರಿಗೆ, ಪಂಪ್ ಸುಸ್ತಾದೋರಿಗೆ ಅಲ್ಲಿಗೆ ಹೋಗಿ ಮುಟ್ಟೋದು ತಡ. ಕೊಡೋರು ತಾಳ್ಮೆ ಕಳ್ಕೊಂಡು ಇನ್ನಷ್ಟು ತಳ್ಳಿದ್ರೆ, ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತೆ, ಬಿಪಿ ಬೀಳುತ್ತೆ. ನಿಧಾನಕ್ಕೆ ಬಿಟ್ರೆ ಕಡಿಮೆ ಔಷಧಿಲೇ ನಿದ್ದೆ ಬರುತ್ತೆ. ಹೊತ್ತು ಜಾಸ್ತಿ ಹಿಡಿಯುತ್ತೆ, ಅಷ್ಟೇ."

"ತೀರಾ ಸಣ್ಣಕ್ಕೆ ಬುಟ್ರೂ ಕೊನೇ ಮನೆಗೆ ಮುಟ್ಟೋದೇ ಇಲ್ಲ ಮೇಡಂ. ನಲ್ಲೀಲಿ ಬರೀ ಗೊರಗೊರ ಅಂತದೆ."

"ಅದೂ ನಿಜ. ಅರೆನಿದ್ದೇಲಿ ತಳಮಳಿಸ್ತಾರೆ. ಅದಕ್ಕೇ ಒಂದು ಮಿಷನ್ ಇದೆ, ಸಿರಿಂಜನ್ನ ಇಷ್ಟು ಹೊತ್ತಿಗೆ ಇಷ್ಟೇ ಅಂತ ತಳ್ಳುತ್ತೆ. ಅದರ ಮೇಲೆ ಕೈ ನಂದು, ಕಣ್ಣು ಅಜ್ಜಿ ಮುಖದ ಮೇಲೆ. ಅರ್ಧ ಸುತ್ತು, ಆಮೇಲೆ ಕಿವಿ. ಸರಿನಾ?"

"ಹೊರಗಿಂದ ಯಾರಾದ್ರೂ ಬೇಗ ಬೇಗ ಅಂತ ಕೂಗುದ್ರೆ?"

"ಕೂಗ್ಲಿ," ಅಂದರು ಡಾಕ್ಟರಮ್ಮ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬೀರಮ್ಮನಿಗೆ ಹಸಿರು ಗೌನು ತೊಡಿಸಿ, ತಲೆಗೆ ಟೋಪಿ ಹಾಕಿದರು. ಹಿಂದಿನ ರಾತ್ರಿಯಿಂದ ಅನ್ನವಿಲ್ಲ, ಎದ್ದಾಗಿನಿಂದ ನೀರೂ ಇಲ್ಲ.

"ನೀರು ಬುಡೋನ ಹೆಂಡ್ತಿಗೆ ಒಂದು ಗುಟುಕು ನೀರಿಲ್ಲ ನೋಡವ್ವ," ಅಂದಳು ಬೀರಮ್ಮ ಮಗಳಿಗೆ. ಸೌಮ್ಯ ಅವಳ ಬಳೆ, ಓಲೆ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ತಳ್ಳುಮಂಚ ತಳ್ಳಲು ಬಂದವನು ಜವರಪ್ಪ, ಆಪರೇಷನ್ ಥಿಯೇಟರಿನ ಅಟೆಂಡರು. ಅವರ ಬೀದಿಯವನೇ, ವಾಲಿನಿಂದ ಎಂಟನೇ ಮನೆ.

"ಹೆದರ್ಬೇಡ ಕಾಳಣ್ಣ, ನಾನಿದ್ದೀನಿ ಒಳಗೆ," ಅಂದ ಜವರಪ್ಪ.

"ನೀನಿರೋದಕ್ಕೇ ಹೆದರಿಕೆ," ಅಂದಳು ಬೀರಮ್ಮ.

ಬಾಗಿಲ ಹತ್ತಿರ ಕಾಳಯ್ಯ ಅವಳ ಕೈ ಹಿಡಿದುಕೊಂಡ. "ನಿಧಾನಕ್ಕೆ ಹೋಗು," ಅಂದ. ತಳ್ಳುಮಂಚದ ಮೇಲೆ ಮಲಗಿದವಳಿಗೆ.

"ಊಂ. ನೀವು ಇಡ್ಲಿ ತಿನ್ನಿ ಹೋಗಿ," ಅಂದಳು. ಬಾಗಿಲು ಮುಚ್ಚಿಕೊಂಡಿತು.

ಕಾಳಯ್ಯ ಇಡ್ಲಿ ತಿನ್ನಲಿಲ್ಲ. ಗೋಡೆಯ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದ. ಕೈ ಮಂಡಿಯ ಮೇಲಿತ್ತು, ಇಲ್ಲದ ಕೀಲಿಯೊಂದನ್ನು ಹಿಡಿದ ಹಾಗೆ. ಈಗ ಸೂಜಿ ಹಾಕಿರುತ್ತಾರೆ. ಈಗ ಅರ್ಧ ಸುತ್ತು. ಮನಸ್ಸಿನಲ್ಲೇ ಬೀದಿಯ ಮೇಲ್ತುದಿಯಿಂದ ಇಳಿಯತೊಡಗಿದ: ಮೇಷ್ಟ್ರ ಮನೆ, ಇಸ್ತ್ರಿ ಅಂಗಡಿ, ಹಿಟ್ಟಿನ ಗಿರಣಿ, ಮೂಗಯ್ಯನ ಮನೆ. ಮೂಗಯ್ಯನ ಮನೆಯ ಮುಂದೆ ಅವನ ಉಸಿರು ನಿಂತಿತು. ಅಲ್ಲಿಂದ ಮುಂದಕ್ಕೆ ಹೋಗಲಾಗಲಿಲ್ಲ. ಮತ್ತೆ ಮೇಲಿನಿಂದ ಶುರು ಮಾಡಿದ. ಸೌಮ್ಯ ಪಕ್ಕದಲ್ಲಿ ಕೂತು ಅಪ್ಪನ ಬೆರಳು ಅಲುಗುವುದನ್ನು ನೋಡುತ್ತಿದ್ದಳು.

"ಏನಪ್ಪ ಮಾಡ್ತಿದ್ದೀಯ?"

"ನೀರು ಬುಡ್ತಿದ್ದೀನಿ ಮಗ."

ಅವಳು ಅವನ ತೋಳಿಗೆ ಒರಗಿಕೊಂಡಳು. ಆಗ ಅವನು ಅವಳಿಗೂ ಹೇಳಿದ, ಇಪ್ಪತ್ತೆರಡು ವರ್ಷದ ಮಾತನ್ನು. ಅವಳು ಬೈಯಲಿಲ್ಲ. ರಜೆಯ ಸುದ್ದಿಯನ್ನೂ ಎತ್ತಲಿಲ್ಲ.

ಅರ್ಧ ಗಂಟೆಗೆ ಬಾಗಿಲು ಸರಿಯಿತು. ಜವರಪ್ಪ. ಕಾಳಯ್ಯ ಎದ್ದು ನಿಂತ.

"ಕೂತ್ಕೋ ಕಾಳಣ್ಣ, ಎಲ್ಲ ಸರಿ ಇದೆ. ಈಗ ಕಲ್ಲು ತೆಗೀತಾವ್ರೆ," ಅಂದ ಜವರಪ್ಪ. ಆದರೆ ಮುಖ ಊದಿಸಿಕೊಂಡಿದ್ದ. "ನಿನ್ ಹೆಂಡ್ತಿ ಮಾತ್ರ ನನ್ ಮಾನ ತೆಗೆದ್ಬುಟ್ಳು."

"ಏನಾಯ್ತು?"

"ಮೇಡಂ, ಎಣಿಸಿ ಅಜ್ಜಿ ಅಂದ್ರು. ಇವಳು, ನಂಗೆ ಎಣಿಸಾಕೆ ಬರಲ್ಲ ಕಣವ್ವ, ಬೇಕಾದ್ರೆ ನಮ್ಮನೇರು ನೀರು ಬುಟ್ಟಾಗ ಯಾವ್ಯಾವ ಮನೆಗೆ ಬರ್ತದೆ ಅಂತ ಹೇಳ್ತೀನಿ ಅಂದ್ಳು. ಮೇಡಂಗೆ ಖುಷಿಯೋ ಖುಷಿ. ಹೇಳಿ ಹೇಳಿ ಅಂದ್ರು, ಮಿಷನ್ ಶುರು ಮಾಡುದ್ರು. ಇವಳು ಮೇಷ್ಟ್ರ ಮನೆ ಅಂದ್ಳು, ಇಸ್ತ್ರಿ ಅಂಗಡಿ ಅಂದ್ಳು. ಆರನೇ ಮನೆ ಆದ್ರೂ ಕಣ್ಣು ನೆಟ್ಟಗೈತೆ! ಆಪರೇಷನ್ ಮಾಡೋ ಸರ್ರು ಕೈ ತೊಳ್ಕೊಂಡು ನಿಂತು, 'ಇನ್ನೂ ಆಗ್ಲಿಲ್ವಾ ಅಕ್ಷತಾ, ಇನ್ನೂ ಮೂರು ಕೇಸ್ ಇವೆ' ಅಂದ್ರು."

ಕಾಳಯ್ಯನ ಕೈ ಬೆಂಚಿನ ಅಂಚು ಹಿಡಿಯಿತು. "ಅದಕ್ಕೆ ಮೇಡಂ?"

"'ನೀರು ದಾರೀಲಿದೆ ಸರ್, ಕಾಯ್ಬೇಕು' ಅಂದ್ರು. ಸರ್ರು ಮುಖ ಮುಖ ನೋಡುದ್ರು. ಮೇಡಂ ಬಟನ್ ಮುಟ್ಲೇ ಇಲ್ಲ. ಎಂಟನೇ ಮನೆಗೆ ಬಂದ್ಳು ನೋಡು ಇವಳು. ನಾಲಿಗೆ ತೊದಲ್ತಾ ಐತೆ, ಆದ್ರೂ ಬುಡ್ಲಿಲ್ಲ. 'ಜವರಪ್ಪನ ಮನೆ, ಅವ್ರು ಕದ್ದು ಮೋಟ್ರು ಹಾಕಿ ನೀರು ಎಳ್ಕೋತಾರೆ, ಅದಕ್ಕೇ ನಮಗೆ ಬರಾಕಿಲ್ಲ' ಅಂದ್ಬುಟ್ಳು! ನರ್ಸುಗಳೆಲ್ಲ ನನ್ನೇ ನೋಡುದ್ರು ಕಾಳಣ್ಣ!"

ಸೌಮ್ಯ ಬಾಯಿಗೆ ಸೆರಗು ಅಡ್ಡ ಹಿಡಿದಳು. ಕಾಳಯ್ಯ ಮಾತ್ರ ನಗಲಿಲ್ಲ. "ಆಮೇಲೆ? ಎಲ್ಲಿಗಂಟ ಬಂದ್ಳು?"

"ಅದೇನೋ ಸಣ್ಣಕ್ಕೆ ಗೊಣಗಿದ್ಳು, ಮೇಡಂ ಬಗ್ಗಿ ಕೇಳುಸ್ಕೊಂಡ್ರು. ಆಮೇಲೆ ಮಲಗಿದ್ಳು. ಬಿಪಿ ಒಂಚೂರು ಇಳೀತು, ಅಲ್ಲೇ ನಿಂತ್ಕೊಂತು. ಅರ್ಧ ಸಿರಿಂಜಿಗಿಂತ ಜಾಸ್ತಿ ಔಷಧಿ ಇನ್ನೂ ಉಳ್ದಿತ್ತು. ನಾನೇ ಕಣ್ಣಾರೆ ನೋಡಿದ್ದೀನಿ."

ಮಧ್ಯಾಹ್ನ ಹನ್ನೆರಡಕ್ಕೆ ಕರೆದರು. ಬೀರಮ್ಮ ಮಲಗಿದ್ದಳು, ಮುಖ ಬಾಡಿತ್ತು, ಆದರೆ ಕಣ್ಣು ತೆರೆದೇ ಇತ್ತು. ಕಾಳಯ್ಯ ಹತ್ತಿರ ಹೋಗಿ, ಅವಳ ರೆಪ್ಪೆ ಬಡಿಯುವುದನ್ನು ನೋಡುತ್ತಾ ನಿಂತ. ಹೊರಗೆ ಬಿಸಿಲು. ಅದೇ ದಿನ, ಅದೇ ಬಿಸಿಲು, ಮಾರನೇ ದಿನದ್ದಲ್ಲ.

"ಎಲ್ಲಿಗಂಟ ಹೋದೆ?" ಅಂದ.

ಅವಳಿಗೆ ಕೂಡಲೇ ಅರ್ಥವಾಯಿತು. ಒಣಗಿದ ತುಟಿ ನೆಕ್ಕಿಕೊಂಡು, "ನಮ್ಮನೆಗಂಟ," ಅಂದಳು. "ಬಾಗ್ಲಲ್ಲಿ ಬಿಂದಿಗೆ ಇಟ್ಟೆ. ನಲ್ಲೀಲಿ ನೀರು ಬಂತು. ನೀವು ಮೇಲಿಂದ ಕೀಲಿ ಹೊತ್ಕೊಂಡು ಇಳೀತಾ ಇದ್ರಿ. ಅಷ್ಟೇ ಗೊತ್ತು."

ಹದಿನಾಲ್ಕು ಮನೆ ದಾಟಿ ಬಂದಿದ್ದಳು. ಕಾಳಯ್ಯ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

"ಅಳ್ತೀರಾ? ಸುಮ್ಕಿರಿ, ಮಗಳು ನೋಡ್ತಾವ್ಳೆ."

"ಹೋದ ಸಲ ನಿಂಗೆ ಚೆನ್ನಾಗಿ ನಿದ್ದೆ ಬಂದಿರ್ಲಿಲ್ಲ ಕಣೆ," ಅಂದ ಅವನು. "ಸುಳ್ಳು ಹೇಳಿದ್ದೆ."

"ಗೊತ್ತು ಬುಡಿ," ಅಂದಳು ಬೀರಮ್ಮ. "ಕಣ್ ಬುಟ್ಟಾಗ ನಿಮ್ ಗಡ್ಡ ನೋಡ್ದೆ. ಬೆಳಿಗ್ಗೆ ಕ್ಷೌರ ಮಾಡ್ಸಿ ಬಂದೋರಿಗೆ ಮಧ್ಯಾಹ್ನಕ್ಕೆ ಅಷ್ಟು ಗಡ್ಡ ಬೆಳೀತದಾ? ನೀವು ಹೇಳಾಕೆ ಹೆದರ್ಕೊಂಡ್ರಿ, ನಾನು ಕೇಳಾಕೆ ಹೆದರ್ಕೊಂಡೆ. ಇಬ್ರಿಗೂ ಸರಿಹೋಯ್ತು."

ಅಷ್ಟರಲ್ಲಿ ಡಾಕ್ಟರ್ ಅಕ್ಷತಾ ಬಂದು ನಾಡಿ ನೋಡಿದರು. ಮುಂದಿನ ಕೇಸಿಗೆ ಹೋಗಬೇಕಿತ್ತು. ಆದರೂ ಒಂದು ಗಳಿಗೆ ನಿಂತರು.

"ನೀರು ಚೆನ್ನಾಗಿ ಬಂತಾ ಅಜ್ಜಿ?"

"ಬಂತು ಕಣವ್ವ. ಕುಡಿಯಾಕೆ ಮಾತ್ರ ಕೊಡ್ಲಿಲ್ಲ."

"ಸಂಜೆಗೆ ಕೊಡ್ತೀನಿ. ಅದೂ ನಿಧಾನಕ್ಕೆ."

ಸಂಜೆ ಚಮಚದಲ್ಲಿ ನೀರು ಕುಡಿಸಿದವನು ಕಾಳಯ್ಯ. ಒಂದು ಚಮಚ ಬಾಯಿಗೆ ಬಿಟ್ಟು, ಗಂಟಲಿಳಿಯುವ ಸದ್ದು ಕೇಳಿ, ಆಮೇಲೆ ಇನ್ನೊಂದು. ಒಂದು ಲೋಟ ಮುಗಿಯಲು ಕಾಲು ಗಂಟೆ ಹಿಡಿಯಿತು. ಬೀರಮ್ಮ ಬೇಗ ಕೊಡಿ ಅಂತ ಬೈಯುತ್ತಲೇ ಇದ್ದಳು. ಅವನು ಆ ಕೂಗಿಗೆ ಕಿವಿ ಕೊಡಲಿಲ್ಲ.

ಶುಕ್ರವಾರ ಅವಳು ಎದ್ದು ವಾರ್ಡಿನ ಕಿಟಕಿಯವರೆಗೆ ನಡೆದಳು. ಜವರಪ್ಪ ಬಂದು, ಮೋಟ್ರು ತೆಗೆಸಿದ್ದೀನಿ, ಇನ್ನು ಬೀದಿಯಲ್ಲಿ ಆ ಮಾತೆತ್ತಬೇಡಿ ಅಂತ ಕೈ ಮುಗಿದ. ಹಿತಕಿದ ಬೇಳೆ ಸಾರು ಇನ್ನು ಸ್ವಲ್ಪ ದಿನ ಮುಟ್ಟಬಾರದು ಅಂತ ಚೀಟಿಯಲ್ಲಿ ಬರೆದಿತ್ತು. ಸ್ವಲ್ಪ ದಿನ ಅಂದರೆ ಎಷ್ಟು ದಿನ ಅಂತ ಬೀರಮ್ಮ ಮೂವರು ನರ್ಸುಗಳನ್ನು ಬೇರೆಬೇರೆಯಾಗಿ ಕೇಳಿದಳು.

ಶನಿವಾರ ಬೆಳಿಗ್ಗೆ ಮನೆಗೆ ಹೊರಡುವ ಹೊತ್ತಿಗೆ ಆಟೋ ಬಂತು. ಸೌಮ್ಯ ಬಟ್ಟೆಯ ಚೀಲ ಹಿಡಿದು ಮುಂದೆ, ಬೀರಮ್ಮ ಗಂಡನ ತೋಳು ಹಿಡಿದು ಹಿಂದೆ. ಮೆಟ್ಟಿಲಿಗೊಮ್ಮೆ ನಿಂತರು. "ನಿಧಾನಕ್ಕೆ ಹೋಗಪ್ಪ," ಅಂದ ಕಾಳಯ್ಯ ಡ್ರೈವರಿಗೆ, "ನಮ್ದು ಕೊನೇ ಮನೆ."